ಡಾಕ್ಟರು ಕೈಬಿಟ್ಟ ಪ್ರಶ್ನೆ

ವ್ಯಾನು ಹತ್ತುವ ಮೊದಲು ಒಂದು ಸಲ, ಇಳಿದ ಮೇಲೆ ಒಂದು ಸಲ, ಊಟಕ್ಕೆ ಕೂರುವ ಮುಂಚೆ ಇನ್ನೊಂದು ಸಲ ಡಾಕ್ಟರು ನಮ್ಮನ್ನು ಎಣಿಸುತ್ತಿದ್ದರು. ನಾವು ಹನ್ನೆರಡು ಜನ ಮುದುಕ ಮುದುಕಿಯರು. ಓಡಿಹೋಗುವವರಲ್ಲ. ಓಡಿದರೂ ಆ ದೇಶದಲ್ಲಿ ಕಾರಿಲ್ಲದೆ ಹೋಗುವುದಾದರೂ ಎಲ್ಲಿಗೆ? ಆದರೂ ಡಾಕ್ಟರು ಕೊರಳಿಗೆ ನೇತುಹಾಕಿಕೊಂಡ ಪೀಪಿಯನ್ನು ಒಮ್ಮೆ ಊದಿ, ಬೆರಳು ಚಾಚಿ, ಒನ್, ಟು, ಥ್ರೀ ಎಂದು ಶುರುಮಾಡುವರು. ಮೊದಲ ದಿನವೇ ನಾನು ಒಳಗೊಳಗೆ ನಕ್ಕೆ. ಎಣಿಕೆ ನನಗೆ ಹೊಸದಲ್ಲ. ನನ್ನ ಗಂಡ ಜೈಲು ವಾರ್ಡರು. ಇಪ್ಪತ್ತೆರಡು ವರ್ಷ ಕೈದಿಗಳ ಎಣಿಕೆಯನ್ನು ಗೋಡೆಯ ಈಚೆಯಿಂದ ಕೇಳಿಸಿಕೊಂಡೇ ಸಂಸಾರ ಮಾಡಿದವಳು ನಾನು.

ಅದನ್ನು ಅಲ್ಲಿ ಬಾಯಿಬಿಡುವ ಹಾಗಿರಲಿಲ್ಲ. ೨೦೦೨ರಲ್ಲಿ ನಾನು ಮೊದಲ ಸಲ ಹೋದಾಗ, ಅಟ್ಲಾಂಟಾ ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ದಾರಿಯಲ್ಲೇ ಮಗಳು ಪಾಠ ಹೇಳಿದಳು. "ಅಮ್ಮ, ಇಲ್ಲಿ ನಮ್ಮೋರೆಲ್ಲ ಡಾಕ್ಟರ್ಸು, ಸೈಂಟಿಸ್ಟ್ಸು. ಅಪ್ಪ ಏನ್ ಮಾಡ್ತಿದ್ರು ಅಂತ ಯಾರಾದ್ರೂ ಕೇಳಿದ್ರೆ ಗೌರ್ಮೆಂಟ್ ಸರ್ವಿಸ್ ಅನ್ನು. ಅಷ್ಟೇ ಸಾಕು."

"ವಾರ್ಡರ್ ಕೆಲಸಾನೂ ಗೌರ್ಮೆಂಟ್ ಸರ್ವಿಸ್ಸೇ ಅಲ್ವೇನೇ?"

"ಅಮ್ಮ, ಪ್ಲೀಸ್. ಹದಿನೈದು ವರ್ಷದಿಂದ ಎಲ್ಲರಿಗೂ ಹಾಗೇ ಹೇಳ್ಕೊಂಡು ಬಂದಿದೀನಿ."

ಒಪ್ಪಿಕೊಂಡೆ. ಅವಳ ಮನೆ, ಅವಳ ಮಾನ. ಅವಳಿಗೂ ಹೇಳದ ಇನ್ನೊಂದು ವಿಷಯ ನನ್ನ ಹೊಟ್ಟೆಯಲ್ಲಿತ್ತು. ಅದರ ಮುಂದೆ ವಾರ್ಡರು ಎನ್ನುವ ಮಾತು ಯಾವ ಲೆಕ್ಕ?

ಡಾಕ್ಟರ ಹೆಸರು ಬರೆಯುವುದಿಲ್ಲ. ಮೈಸೂರಿನ ಕಡೆಯವರು. ಅರವತ್ತರ ದಶಕದ ಕೊನೆಯಲ್ಲೇ ಆ ದೇಶಕ್ಕೆ ಹೋಗಿ, ಆಸ್ಪತ್ರೆಯಲ್ಲಿ ದುಡಿದು, ದೊಡ್ಡ ಮನೆ ಕಟ್ಟಿ, ರಿಟೈರ್ ಆಗಿದ್ದವರು. ಅಲ್ಲಿನ ಕನ್ನಡದವರೆಲ್ಲ ಅವರನ್ನು ಡಾಕ್ಟರ್ ಅಂಕಲ್ ಎನ್ನುತ್ತಿದ್ದರು. ನನಗಿಂತ ಎರಡು ವರ್ಷ ಚಿಕ್ಕವರನ್ನು ಅಂಕಲ್ ಎನ್ನಲು ನನಗೆ ನಾಲಗೆ ಬರಲಿಲ್ಲ. ಡಾಕ್ಟ್ರೇ ಎನ್ನುತ್ತಿದ್ದೆ. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಇಲ್ಲ ಎನ್ನುವುದಿಲ್ಲ. ಇನ್ಶೂರೆನ್ಸ್ ಇಲ್ಲದೆ ಹೋದ ನಮ್ಮಂಥವರ ಬಿಪಿಯನ್ನು ತಮ್ಮ ಮನೆಯ ಸೋಫಾದ ಮೇಲೆ ಕೂರಿಸಿಕೊಂಡು ನೋಡುತ್ತಿದ್ದರು. ಮಾತ್ರೆ ಮುಗಿದವರಿಗೆ ಮಾತ್ರೆ ಕೊಡಿಸುತ್ತಿದ್ದರು. ಆದರೆ ಅವರ ಬಾಯಲ್ಲಿ ಒಂದೇ ಮಂತ್ರ: "ಏನೂ ಇಲ್ಲ ಬಿಡಿ." ಮಂಡಿ ನೋವು ಎಂದರೆ ಏನೂ ಇಲ್ಲ ಬಿಡಿ. ನಿದ್ದೆ ಬರುತ್ತಿಲ್ಲ ಎಂದರೆ ಏನೂ ಇಲ್ಲ ಬಿಡಿ. ರಾಜ್ಯೋತ್ಸವದ ಊಟಕ್ಕೆ ಈರುಳ್ಳಿ ಹಾಕಬೇಕೋ ಬೇಡವೋ ಎಂದು ಕನ್ನಡ ಸಂಘದವರು ಎರಡು ಪಂಗಡವಾಗಿ ಮಾತು ಬಿಟ್ಟಾಗ ಡಾಕ್ಟರು ಈ ಕಡೆಗೆ ಹೋಗಿ ನೀವೇ ಸರಿ ಎಂದರು, ಆ ಕಡೆಗೆ ಹೋಗಿ ನೀವೇ ಸರಿ ಎಂದರು. ಎರಡು ಅಡುಗೆ ಆಯಿತು. ಎಲ್ಲರೂ ಡಾಕ್ಟರನ್ನು ಹೊಗಳಿದರು. ಎರಡೂ ಕಡೆಯ ಪಾತ್ರೆ ತೊಳೆದವರನ್ನು ಯಾರೂ ಕೇಳಲಿಲ್ಲ. ತೊಳೆದವರಲ್ಲಿ ನಾನೂ ಒಬ್ಬಳು.

ಆರು ತಿಂಗಳ ವೀಸಾದಲ್ಲಿ ಹೋದ ತಂದೆತಾಯಿಯರ ಪಾಡು ಏನೆಂದು ಹೋದವರಿಗೆ ಗೊತ್ತು. ಮಕ್ಕಳು ಬೆಳಿಗ್ಗೆ ಕಾರು ಹತ್ತಿದರೆ ಸಂಜೆಯವರೆಗೆ ಕಿಟಕಿ, ಅಳಿಲು, ಟೀವಿ. ನಮಗಾಗಿ ಡಾಕ್ಟರು ಒಂದು ದೊಡ್ಡ ವ್ಯಾನು ಬಾಡಿಗೆಗೆ ತಂದು ಶನಿವಾರದ ಟೂರು ಇಟ್ಟಿದ್ದರು. ಬೇರೆ ಯಾರಾದರೂ ಆಗಿದ್ದರೆ ದೇವಸ್ಥಾನ ತೋರಿಸುತ್ತಿದ್ದರು, ಮೀನಿನ ಮನೆ ತೋರಿಸುತ್ತಿದ್ದರು. ಇವರು ತೋರಿಸಿದ್ದು ಸ್ಮಶಾನ.

ಅಟ್ಲಾಂಟಾದಿಂದ ದಕ್ಷಿಣಕ್ಕೆ ಎರಡೂವರೆ ಗಂಟೆ ಹೋದರೆ ಒಂದು ಬಯಲು. ಸುಮಾರು ನೂರ ನಲವತ್ತು ವರ್ಷದ ಹಿಂದೆ ಆ ದೇಶದವರು ತಮ್ಮತಮ್ಮಲ್ಲೇ ಬಡಿದಾಡಿಕೊಂಡ ಕಾಲದಲ್ಲಿ, ಒಂದು ಕಡೆಯವರು ಇನ್ನೊಂದು ಕಡೆಯ ಸಿಪಾಯಿಗಳನ್ನು ಹಿಡಿದು ತಂದು ಅಲ್ಲಿ ಕೂಡಿಹಾಕಿದ್ದರಂತೆ. ಮೇಲೆ ಸೂರಿಲ್ಲ, ಒಂದು ಮರದ ನೆರಳಿಲ್ಲ. ಸುತ್ತಲೂ ದಿಮ್ಮಿ ನೆಟ್ಟ ಗೋಡೆ. ನಡುವೆ ಒಂದು ಹಳ್ಳ, ಕುಡಿಯುವುದಕ್ಕೂ ಅದೇ, ಕೆರೆಕಡೆಗೂ ಅದೇ. ಸಾವಿರಾರು ಜನ ಹಸಿದು, ಭೇದಿಯಾಗಿ ಸತ್ತರು. ಈಗ ಹುಲ್ಲು ಕತ್ತರಿಸಿ, ಗೋಡೆಯ ಒಂದು ಮೂಲೆಯನ್ನು ಹೊಸ ದಿಮ್ಮಿಯಲ್ಲಿ ಮತ್ತೆ ಕಟ್ಟಿ, ನೋಡುವವರಿಗೆಂದು ಚೊಕ್ಕಟವಾಗಿ ಇಟ್ಟಿದ್ದಾರೆ. ಆಚೆಗೆ ಗೋರಿಗಳು. ಬಿಳಿ ಕಲ್ಲುಗಳು ಹಲ್ಲಿನ ಹಾಗೆ ಒಂದಕ್ಕೊಂದು ತಾಗಿ ನಿಂತಿವೆ. ಹೂಳುವಾಗ ಹೆಣಗಳನ್ನೂ ಹಾಗೇ ಜೋಡಿಸಿದ್ದರಂತೆ.

ಡಾಕ್ಟರಿಗೆ ಇದರ ಹುಚ್ಚು ಹತ್ತಿದ್ದು ಜರ್ಮನಿಯಲ್ಲಿ. ಯಾವುದೋ ಕಾನ್ಫರೆನ್ಸಿಗೆ ಹೋದಾಗ, ಯಹೂದಿಗಳನ್ನು ಕೂಡಿಹಾಕಿ ಕೊಂದ ಶಿಬಿರವೊಂದನ್ನು ಗೈಡಿನ ಜೊತೆ ಸುತ್ತಿ ಬಂದಿದ್ದರು. ಗೈಡು ಒಬ್ಬ ಚಿಕ್ಕ ಹುಡುಗಿಯಂತೆ. ಅವಳು ಮಾತನಾಡಿದ ರೀತಿಗೆ ಇವರು ಮರುಳಾದರು. ವಾಪಸು ಬಂದ ಮೇಲೆ "ನಮ್ಮ ಜಾರ್ಜಿಯಾದಲ್ಲೂ ಕ್ಯಾಂಪ್ ಒಂದಿದೆ ಗೊತ್ತಾ?" ಎಂದು ಎಲ್ಲರಿಗೂ ಹೇಳತೊಡಗಿದರು, ನಮ್ಮ ತೋಟದಲ್ಲೂ ಮಾವಿನ ಮರ ಇದೆ ಎನ್ನುವ ಹಾಗೆ. ಒಂದು ಅಗಲ ಅಂಚಿನ ಟೋಪಿ ಕೊಂಡರು. ಆ ಬಯಲಿನಲ್ಲಿ ಸರ್ಕಾರದ ಗೈಡು ಒಬ್ಬಳಿದ್ದಳು. ಅವಳು ಹತ್ತು ಮಾತು ಆಡಿದರೆ ಇವರು ಅದನ್ನು ಕನ್ನಡದಲ್ಲಿ ನೂರು ಮಾಡುವರು. ಎರಡನೆಯ ಸಲಕ್ಕೆ ಅವಳೂ ಬೇಡವಾದಳು. ಗೈಡು ಇವರೇ.

ಮೊದಲ ಟೂರಿನಲ್ಲಿ ನಡೆದದ್ದನ್ನು ಹೇಳಬೇಕು. ಗೋರಿಗಳ ನಡುವೆ ಅಡ್ಡಾಡಿದ ಮೇಲೆ, ಮರದ ಕೆಳಗೆ ಬೆಂಚಿನ ಮೇಲೆ ಡಾಕ್ಟರ ಹೆಂಡತಿ ಚಿತ್ರಾನ್ನ, ಮೊಸರನ್ನ ಬಿಚ್ಚಿಟ್ಟರು. ಒಬ್ಬರೂ ಕೈ ಚಾಚಲಿಲ್ಲ. ಸ್ಮಶಾನ ತುಳಿದು ಬಂದು ಸ್ನಾನವಿಲ್ಲದೆ ಬಾಯಿಗೆ ಅನ್ನ ಇಡುವುದು ಹೇಗೆ? ಬೆಂಗಳೂರಿನ ಒಬ್ಬ ಹೆಂಗಸು ಕೈಕಟ್ಟಿ ನಿಂತು, "ಇದು ಸ್ಮಶಾನ ಅಂತ ಮೊದಲೇ ಹೇಳಿದ್ರೆ ವ್ಯಾನ್‌ನಿಂದ ಇಳೀತಾನೇ ಇರ್ಲಿಲ್ಲ ಡಾಕ್ಟ್ರೇ" ಎಂದರು. ಗಂಟೆ ಎರಡಾಗಿತ್ತು. ಸಕ್ಕರೆ ಕಾಯಿಲೆಯವರು ನಾಲ್ಕು ಜನ ಇದ್ದರು. ಡಾಕ್ಟರು ಒಂದು ಕ್ಷಣವೂ ತಡವರಿಸಲಿಲ್ಲ. ವ್ಯಾನಿಗೆ ಹೋಗಿ, ಕಾಶಿಯಿಂದ ತಂದ ಗಂಗೆಯ ಚಿಕ್ಕ ತಾಮ್ರದ ಗಿಂಡಿ ತಂದು, ಅದರ ಬೆಸುಗೆ ಒಡೆದು, ನೀರಿನ ಬಾಟಲಿಗೆ ನಾಲ್ಕು ಹನಿ ಬೆರೆಸಿ, ಎಲ್ಲರ ತಲೆಯ ಮೇಲೂ ಚಿಮುಕಿಸಿದರು. "ಏನೂ ಇಲ್ಲ ಬಿಡಿ. ಆಯ್ತು, ಶುದ್ಧಿ. ಊಟ ಮಾಡಿ."

ಎಲ್ಲರೂ ಊಟ ಮಾಡಿದರು. ಅಷ್ಟು ಸಾವಿರ ಹೆಣದ ಮೈಲಿಗೆ ನಾಲ್ಕು ಹನಿಗೆ ಹೋಯಿತು. ಎರಡು ಸಲ ಬಡಿಸಿಕೊಂಡವರೂ ಇದ್ದರು.

ನಾನು ಚಿಮುಕಿಸಿಕೊಳ್ಳಲಿಲ್ಲ, ಹಾಗೇ ತಿಂದೆ. ಜೈಲಿನ ಪಕ್ಕದಲ್ಲಿದ್ದವರಿಗೆ ಮೈಲಿಗೆಯ ಚಿಂತೆ ಬಹಳ ಹಿಂದೆಯೇ ಬಿಟ್ಟುಹೋಗಿರುತ್ತದೆ.

ಅವರ ಟೂರಿನಲ್ಲಿ ಎಲ್ಲವೂ ಬಾಯಿಪಾಠ. ಗೋಡೆಯ ಒಳಗಡೆ ಒಂದು ಗೂಟಗಳ ಸಾಲು, ಅದನ್ನು ದಾಟಿದ ಕೈದಿಗೆ ಮೇಲಿನ ಅಟ್ಟದಿಂದ ಗುಂಡು. ಅಲ್ಲಿ ಡಾಕ್ಟರು ನಿಂತು, "ನಮ್ಮನೇಲೂ ಇಂಥದ್ದೊಂದು ಲೈನ್ ಇದೆ, ಅಡುಗೆಮನೆ ಬಾಗಿಲಲ್ಲಿ" ಎಂದು ಹೆಂಡತಿಯ ಕಡೆ ನೋಡುವರು. ಎಲ್ಲರೂ ನಗುವರು. ಆಮೇಲೆ ಹಳ್ಳದ ಹತ್ತಿರ ದನಿ ತಗ್ಗಿಸುವರು. ಕಾವಲಿನವರನ್ನು ರಾಕ್ಷಸರು ಎನ್ನುವರು. ಗೋರಿಗಳಲ್ಲಿ ಹೆಸರು ಗೊತ್ತಿಲ್ಲದವನ ಕಲ್ಲು ಒಂದಿದೆ, ಅದರ ಮುಂದೆ ಟೋಪಿ ತೆಗೆದು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುವರು. ಮೊದಲ ಸಲ ನೋಡಿದವರೂ ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ನಾನು ಮೂರು ಸಲ ನೋಡಿದೆ. ಮೂರು ಸಲವೂ ಅದೇ ಕಲ್ಲು, ಅದೇ ಎಡಗಣ್ಣು ಮೊದಲು.

ನಾನು ನೋಡುತ್ತಿದ್ದದ್ದು ಬೇರೆ. ಕಾವಲಿನ ಅಟ್ಟ ಬಿಸಿಲಿಗೆ ಮುಖಮಾಡಿತ್ತು, ಅಲ್ಲಿ ನಿಂತವನಿಗೂ ಮಧ್ಯಾಹ್ನ ತಲೆ ಸುತ್ತುತ್ತಿತ್ತು. ಹಳ್ಳದ ನೀರು ಇಳಿಯುವ ಕಡೆಗೆ ಗಾಳಿಯೂ ಬೀಸುತ್ತಿತ್ತು. ಹಾಗಾದರೆ ನಾತ ಯಾವ ಮನೆಗಳಿಗೆ ಹೋಗುತ್ತಿತ್ತು ಎಂದು ನನಗೆ ತಿಳಿಯಿತು. ರಾಕ್ಷಸರನ್ನು ನಾನು ನೋಡಿಲ್ಲ. ವಾರ್ಡರುಗಳನ್ನು ನೋಡಿದ್ದೇನೆ. ಅವರು ಮನೆಗೆ ಬಂದು ಕೈಕಾಲು ತೊಳೆದು ಸಾರು ಉಪ್ಪಾಯಿತು ಎನ್ನುತ್ತಾರೆ.

ಆ ಬಾಯಿಪಾಠದಲ್ಲಿ ಒಂದೇ ಒಂದು ಮಾತು ಡಾಕ್ಟರದ್ದಲ್ಲ. ಅದು ಜರ್ಮನಿಯ ಆ ಹುಡುಗಿ ಕೇಳಿದ್ದು ಎಂದು ಅವರೇ ಹೇಳುತ್ತಿದ್ದರು. ಕಟ್ಟಿಟ್ಟ ಆ ಮೂಲೆಯ ಗೋಡೆಗೆ ಬೆನ್ನು ಕೊಟ್ಟು ನಿಂತು, ಆಚೆಗೆ ಕೈ ತೋರಿಸಿ ಕೇಳುವರು:

"ಈ ಗೋಡೆ ಆಚೆ ಕಾವಲಿನೋರ ಬಿಡಾರ ಇತ್ತು. ಅವರ ಹೆಂಡ್ತೀರು ಅಡುಗೆ ಮಾಡ್ತಿದ್ರು, ಮಕ್ಕಳು ಆಡ್ತಿದ್ರು. ಅವರಿಗೆ ಇದೆಲ್ಲ ಕೇಳಿಸ್ತಿರ್ಲಿಲ್ವಾ?"

ಕೇಳಿ ಸುಮ್ಮನೆ ನಿಲ್ಲುವರು. ಉತ್ತರ ಬೇಕಾಗಿರಲಿಲ್ಲ ಅವರಿಗೆ. ಸುಮ್ಮನಿದ್ದರೆ ಚೆನ್ನಾಗಿರುತ್ತದೆ ಎಂದು ಆ ಹುಡುಗಿಯನ್ನು ನೋಡಿ ಕಲಿತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಮನೆಗೆ ಹೋಗಿ ಯೋಚನೆ ಮಾಡಿ" ಎಂದು ಪೀಪಿ ಊದುವರು.

ಮೊದಲ ಸಲ ಕೇಳಿದಾಗ ನಾನು ಹುಲ್ಲು ನೋಡುತ್ತಾ ನಿಂತೆ. ಗಂಡ ಸತ್ತು ಎಂಟು ವರ್ಷವಾಗಿತ್ತು, ಜೈಲಿನ ಮನೆ ಬಿಟ್ಟು ಇಪ್ಪತ್ತಾಗಿತ್ತು, ಇಷ್ಟು ವರ್ಷದಲ್ಲಿ ಒಬ್ಬರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಅಣ್ಣ ತಮ್ಮಂದಿರು ಕೇಳಲಿಲ್ಲ, ಮಕ್ಕಳು ಕೇಳಲಿಲ್ಲ. ಅಷ್ಟು ದೂರ ವಿಮಾನದಲ್ಲಿ ಹೋಗಿ, ಯಾರದೋ ದೇಶದ ಬಯಲಲ್ಲಿ, ಟೋಪಿ ಹಾಕಿಕೊಂಡ ಒಬ್ಬ ಮನುಷ್ಯ ಕೇಳಿದ. ಅವರು ಗಾಳಿಗೆ ಎಸೆದ ಪ್ರಶ್ನೆ. ಬಂದು ನನಗೆ ತಗುಲಿತು.

೨೦೦೪ರಲ್ಲಿ ಮತ್ತೆ ಹೋದೆ. ಮಗಳಿಗೆ ಆಶ್ಚರ್ಯ. "ಒಂದ್ಸಲ ನೋಡಿದೀಯಲ್ಲಮ್ಮ, ಮತ್ತೇನಿದೆ ಅಲ್ಲಿ?" ಎಂದಳು. ಹೊಸದಾಗಿ ಬಂದವರಿಗೆ ಜೊತೆಯಾಗುತ್ತದೆ ಎಂದೆ. ಡಾಕ್ಟರು ಅದೇ ಗೋಡೆಯ ಮುಂದೆ ಅದನ್ನೇ ಕೇಳಿದರು. ಎಲ್ಲರೂ ಮುಂದೆ ಹೋದ ಮೇಲೆ ನಾನು ಮಂಡಿ ನೋವೆಂದು ಹಿಂದೆ ಉಳಿದೆ. ಡಾಕ್ಟರು ನನ್ನ ಕೈ ಹಿಡಿದು ನಡೆಸಲು ಬಂದರು.

"ಕೇಳಿಸುತ್ತೆ ಡಾಕ್ಟ್ರೇ" ಎಂದೆ.

"ಏನಮ್ಮ?"

"ಕೇಳಿಸಲ್ವಾ ಅಂತ ಕೇಳಿದ್ರಲ್ಲ. ಕೇಳಿಸುತ್ತೆ."

ನಡೆಯುತ್ತಾ ಹೇಳಿದೆ. ನಮ್ಮ ವಾರ್ಡರುಗಳ ಲೈನಿನಲ್ಲಿ ಏಳು ಮನೆ. ಹಿತ್ತಿಲ ಗೋಡೆಯೇ ಜೈಲಿನ ಗೋಡೆ. ಆಚೆಗೆ ಒಂದು ಕೋಣೆ, ಮಾತು ಕೇಳದ ಕೈದಿಗಳನ್ನು ಅಲ್ಲಿಗೆ ಒಯ್ಯುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಶುರುವಾಗುತ್ತಿತ್ತು. ಮೊದಲ ಏಟಿನ ಸದ್ದಿಗೆ ನಾವು ಏಳು ಜನ ಹೆಂಗಸರೂ ಎದ್ದು ಒರಳಿನ ಮುಂದೆ ಕೂರುತ್ತಿದ್ದೆವು. ಯಾರೂ ಯಾರಿಗೂ ಹೇಳಿದ್ದಲ್ಲ. ಹೊಸದಾಗಿ ಮದುವೆಯಾಗಿ ಬಂದವಳು ಎರಡು ದಿನ ಕಣ್ಣು ಕಣ್ಣು ಬಿಡುತ್ತಿದ್ದಳು, ಮೂರನೆಯ ದಿನ ಅವಳೂ ಅಕ್ಕಿ ನೆನೆಹಾಕುತ್ತಿದ್ದಳು. ಏಳು ಒರಳು ಒಟ್ಟಿಗೆ ತಿರುಗಿದರೆ ಏನೂ ಕೇಳಿಸುವುದಿಲ್ಲ. ಹಿಟ್ಟು ಇದೆಯೆಂದ ಮೇಲೆ ಬೆಳಿಗ್ಗೆ ದೋಸೆ. ನನ್ನ ಮಕ್ಕಳು ಆ ದೋಸೆ ತಿಂದೇ ದೊಡ್ಡವರಾದರು. ನಮ್ಮ ಲೈನಿನ ದೋಸೆಗೆ ಊರಲ್ಲೇ ಹೆಸರಿತ್ತು.

ಒಬ್ಬ ಸೈಕಲ್ ಕದ್ದವನು. ಎರಡು ದಿನ ನೀರು, ನೀರು ಎಂದ. ಕಲ್ಲು ನಿಲ್ಲಿಸಿದಾಗೆಲ್ಲ ಕೇಳಿಸುತ್ತಿತ್ತು, ಅದಕ್ಕೆ ನಿಲ್ಲಿಸಲಿಲ್ಲ. ಮೂರನೆಯ ದಿನ ನಿಲ್ಲಿಸಿದಾಗ ಕೇಳಿಸಲಿಲ್ಲ. ನನ್ನ ಗಂಡ ಮನೆಗೆ ಬಂದಾಗ ಅವರ ಬಲಗೈ ಊದಿಕೊಂಡಿತ್ತು. ನಾನು ಏನಾಯಿತು ಎಂದು ಕೇಳಲಿಲ್ಲ. ಅರಿಶಿನ ಬಿಸಿಮಾಡಿ ಹಚ್ಚಿದೆ.

ಇಷ್ಟು ಹೇಳಿದೆ. ಇದನ್ನು ಮೊದಲ ಸಲ ಬಾಯಿಬಿಟ್ಟಿದ್ದೆ. ಡಾಕ್ಟರು ನಡೆಯುವುದನ್ನು ನಿಲ್ಲಿಸಿದ್ದರು. ಅವರ ಕರವಸ್ತ್ರ ಜೇಬಿನಲ್ಲೇ ಇತ್ತು, ಅದನ್ನು ಗಮನಿಸಿದೆ. ಈಗ ಏನಾದರೂ ಹೇಳುತ್ತಾರೆ, ಥೂ ಎಂದಾದರೂ ಎನ್ನುತ್ತಾರೆ ಎಂದು ಕಾದೆ.

"ಹಳೇದಮ್ಮ" ಎಂದರು. "ಏನೂ ಇಲ್ಲ ಬಿಡಿ. ನೀವೇನ್ ಮಾಡೋಕಾಗ್ತಿತ್ತು?"

ಅಷ್ಟೇ. ನನ್ನ ಕೈ ತಟ್ಟಿದರು. ಆ ಮನುಷ್ಯ ಗೂಟದ ಗೆರೆಯ ಬಗ್ಗೆ ಅರ್ಧ ಗಂಟೆ ಮಾತನಾಡಬಲ್ಲರು, ಇದಕ್ಕೆ ಅವರ ಹತ್ತಿರ ಇದ್ದದ್ದು ಇಷ್ಟು. ಯಾರಿಗೂ ಹೇಳಬೇಡಿ ಎಂದು ನಾನು ಕೇಳಿಕೊಳ್ಳಲಿಲ್ಲ. ಅವರು ಯಾರಿಗೂ ಹೇಳಲೂ ಇಲ್ಲ. ಊರಿನ ಸುದ್ದಿಯೆಲ್ಲ ಅವರ ಬಾಯಲ್ಲೇ ತಿರುಗುತ್ತಿದ್ದದ್ದು, ಇದೊಂದನ್ನು ನುಂಗಿಕೊಂಡರು. ಎರಡು ವರ್ಷ ಕಾದೆ. ಮಗಳ ಕಿವಿಗೆ ಬೀಳಲಿಲ್ಲ. ಅವರು ದೊಡ್ಡ ಮನುಷ್ಯ ಎಂದು ಆಗ ನನಗೂ ಅನಿಸಿತ್ತು. ಬರೆದಿಡುತ್ತೇನೆ, ಅನಿಸಿತ್ತು.

೨೦೦೬ರ ಬೇಸಿಗೆಯಲ್ಲಿ ಮೂರನೆಯ ಸಲ ಹೋದೆ. ಈ ಸಲ ಮಗಳೂ ಕ್ಯಾಮೆರಾ ಹಿಡಿದುಕೊಂಡು ತನ್ನ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ವ್ಯಾನಿನ ಹಿಂದೆ ಬಂದಿದ್ದಳು. ಹೊಸಬರಲ್ಲಿ ಹಾಸನದ ಒಬ್ಬ ರಿಟೈರ್ಡ್ ತಹಸೀಲ್ದಾರರು, ಅವರ ಹೆಂಡತಿ. ತಹಸೀಲ್ದಾರರಿಗೆ ಎಲ್ಲದಕ್ಕೂ ಪ್ರಶ್ನೆ ಕೇಳುವ ಚಟ. ಎಣಿಕೆಯಾಯಿತು, ಗೂಟದ ಗೆರೆಯಾಯಿತು, ಅಡುಗೆಮನೆಯ ನಗೆಯಾಯಿತು. ಗೋಡೆಯ ಮೂಲೆಗೆ ಬಂದೆವು. ಡಾಕ್ಟರು ಬೆನ್ನು ಕೊಟ್ಟು ನಿಂತರು. ಆಚೆಗೆ ಕೈ ತೋರಿಸಲಿಲ್ಲ. ದಿಮ್ಮಿ ಎಷ್ಟು ಉದ್ದ, ಎಷ್ಟು ಆಳ ನೆಟ್ಟಿದ್ದರು ಎಂದು ಹೇಳಿ, "ಬನ್ನಿ, ಮುಂದೆ ಹೋಗೋಣ" ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಮರೆತರೇನೋ ಎಂದುಕೊಂಡೆ. ಅಷ್ಟರಲ್ಲಿ ತಹಸೀಲ್ದಾರರೇ ಬಾಯಿಹಾಕಿದರು. "ಅಲ್ಲ ಡಾಕ್ಟರ್, ಇಷ್ಟು ಜನ ಸಾಯ್ತಿದ್ರೆ ಗೋಡೆ ಪಕ್ಕದ ಮನೆಯೋರಿಗೆ ಗೊತ್ತಾಗ್ತಿರ್ಲಿಲ್ವೇ?"

"ಛೆ ಛೆ. ಪಾಪ, ಅವರಿಗೇನೂ ಗೊತ್ತಿರ್ಲಿಲ್ಲ" ಎಂದರು ಡಾಕ್ಟರು. "ಹೆಂಗಸ್ರು, ಮಕ್ಕಳು. ಅವರಿಗೇನ್ ಗೊತ್ತಾಗುತ್ತೆ?"

ಹೇಳಿ ನನ್ನ ಕಡೆ ನೋಡಿ ಸ್ವಲ್ಪವೇ ನಕ್ಕರು. ಹಬ್ಬದ ದಿನ ಮಗುವಿನ ಕೈಗೆ ಯಾರಿಗೂ ಕಾಣದ ಹಾಗೆ ಇನ್ನೊಂದು ಉಂಡೆ ತುರುಕುತ್ತಾರಲ್ಲ, ಹಾಗೆ. ನನಗೋಸ್ಕರ ಆ ಪ್ರಶ್ನೆಯನ್ನು ಕಿತ್ತುಹಾಕಿದ್ದರು. ಇಡೀ ಟೂರಿನಲ್ಲಿ ಕೇಳಲು ಯೋಗ್ಯವಾದ ಮಾತು ಅದೊಂದೇ, ಅದನ್ನೇ ಕಿತ್ತು, ಅದರ ಜಾಗದಲ್ಲಿ ಒಂದು ಸುಳ್ಳು ನೆಟ್ಟಿದ್ದರು. ಆ ಸುಳ್ಳು ನನಗೆ ಕೊಟ್ಟ ಉಡುಗೊರೆ.

ಸುಮ್ಮನಿರಬಹುದಿತ್ತು. ಮಗಳು ಎರಡು ಮಾರು ದೂರದಲ್ಲಿ ನಿಂತಿದ್ದಳು. ಬಾಯಿ ತೆರೆದರೆ ಅವಳು ಹತ್ತೊಂಬತ್ತು ವರ್ಷ ಕಾಪಾಡಿಕೊಂಡು ಬಂದದ್ದು ಬಯಲಾಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ನೀರು ಕೇಳಿ ಸತ್ತವನಿಗೆ ನಾನೊಬ್ಬಳೇ ಸಾಕ್ಷಿ. ಉಳಿದ ಆರು ಹೆಂಗಸರಲ್ಲಿ ಯಾರು ಬದುಕಿದ್ದಾರೋ ತಿಳಿಯದು. ಅವನನ್ನು ಎರಡು ಸಲ ರುಬ್ಬುವುದು ನನ್ನಿಂದಾಗಲಿಲ್ಲ.

"ಗೊತ್ತಿತ್ತು ಡಾಕ್ಟ್ರೇ" ಎಂದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಅಮ್ಮ, ಬಿಸಿಲು ಜಾಸ್ತಿ ಇದೆ, ನೆರಳಿಗೆ ಬನ್ನಿ."

"ಬಿಸಿಲಿಗೇನಾಗಿದೆ? ತಹಸೀಲ್ದಾರ್ರೇ, ನೀವು ಕೇಳಿದ್ದು ಸರಿ. ಎಲ್ಲಾ ಗೊತ್ತಿರುತ್ತೆ. ನಮ್ಮನೆಯೋರು ಜೈಲ್ ವಾರ್ಡರ್ರು. ನಾನು ಗೋಡೆ ಪಕ್ಕದ ಮನೇಲಿ ಇಪ್ಪತ್ತೆರಡು ವರ್ಷ ಇದ್ದೋಳು. ಒಬ್ಬ ಎರಡು ದಿನ ನೀರು ನೀರು ಅಂತ ಕೂಗಿ ಸತ್ತ. ಕೇಳಿಸಬಾರ್ದು ಅಂತ ನಾವು ದೋಸೆಗೆ ರುಬ್ಬಿದ್ವಿ."

ಮಗಳ ಮುಖ ಬಿಳಿಚಿಕೊಂಡಿತು. "ಅಮ್ಮ!" ಎಂದಳು. ಇನ್ನು ಯಾರಾದರೂ ಏನಾದರೂ ಕೇಳಬೇಕು. ಆ ತಹಸೀಲ್ದಾರರಂತೂ ಬಾಯಿ ತೆರೆದಿದ್ದರು. ಅಷ್ಟರಲ್ಲಿ ಡಾಕ್ಟರು ಮೂರೇ ಹೆಜ್ಜೆಯಲ್ಲಿ ನನ್ನ ಹತ್ತಿರ ಬಂದು ನನ್ನ ಮುಂಗೈ ಹಿಡಿದರು. ನಾಡಿ ನೋಡಿದರು. ಎಲ್ಲರ ಮುಂದೆ, ಗಡಿಯಾರ ನೋಡುತ್ತಾ, ತುಟಿ ಆಡಿಸುತ್ತಾ ನಾಡಿ ಎಣಿಸಿದರು.

"ಡೀಹೈಡ್ರೇಷನ್" ಎಂದರು ಮಗಳಿಗೆ. "ಈ ಏಜ್‌ನಲ್ಲಿ ಬಿಸಿಲಿಗೆ ಹೀಗೆ ಸ್ವಲ್ಪ ಕನ್‌ಫ್ಯೂಸ್ ಆಗುತ್ತೆ. ಯಾರದ್ದೋ ಕಥೆ ತಮ್ಮದು ಅನ್ಸುತ್ತೆ. ಏನೂ ಇಲ್ಲ, ವರಿ ಮಾಡ್ಬೇಡಿ."

ಎಲ್ಲರ ಎದೆಯಿಂದ ಉಸಿರು ಹೊರಗೆ ಬಂದದ್ದು ನನಗೆ ಕೇಳಿಸಿತು. ತಹಸೀಲ್ದಾರರ ಹೆಂಡತಿ ಸೆರಗಿನಿಂದ ನನಗೆ ಗಾಳಿ ಹಾಕತೊಡಗಿದರು. "ಪಾಪ, ನಮ್ಮತ್ತೆಗೂ ಕೊನೇಲಿ ಹೀಗೇ ಆಗ್ತಿತ್ತು. ಮನೇಗೆ ಕಳ್ಳ ಬಂದಿದಾನೆ ಅಂತಿದ್ರು." ಯಾರೋ ಉಪ್ಪು ಸಕ್ಕರೆ ಕದಡಿದ ನೀರು ತಂದರು. "ಕುಡೀರಿ ಅಮ್ಮ, ಕುಡೀರಿ." ಕುಡಿದೆ. ಬಾಯಾರಿಕೆ ಆಗಿತ್ತು.

ಅವರು ಹೊಡೆಯಲಿಲ್ಲ, ಬೈಯಲಿಲ್ಲ, ಬಾಯಿಮುಚ್ಚು ಎನ್ನಲಿಲ್ಲ. ಮೂರು ಬೆರಳು ಮುಂಗೈ ಮೇಲಿಟ್ಟರು, ಮಾತು ಸತ್ತುಹೋಯಿತು. ನನ್ನ ಗಂಡನಿಗೂ ಅವರ ಮೇಲಿನವರಿಗೂ ಅಷ್ಟು ಚೆನ್ನಾಗಿ ಕೆಲಸ ಗೊತ್ತಿರಲಿಲ್ಲ.

ವಾಪಸು ಬರುವಾಗ ಮಗಳು ರಸ್ತೆಯನ್ನೇ ನೋಡುತ್ತಾ, "ಅಂಕಲ್ ಮ್ಯಾನೇಜ್ ಮಾಡ್ಲಿಲ್ಲ ಅಂದಿದ್ರೆ ನಾಳೆಯಿಂದ ನಾನು ಹೇಗೆ ತಲೆ ಎತ್ಕೊಂಡು ಓಡಾಡ್ತಿದ್ದೆ ಹೇಳು" ಎಂದಳು.

ಇನ್ನೂ ಸ್ವಲ್ಪ ದೂರ ಹೋದ ಮೇಲೆ ಸಣ್ಣ ದನಿಯಲ್ಲಿ ಕೇಳಿದಳು. "ಅದಕ್ಕೇನಾ ನಮ್ಮನೇಲಿ ಅಷ್ಟೊಂದು ದೋಸೆ ಮಾಡ್ತಿದ್ದಿದ್ದು?"

"ಹೌದು."

ಅವಳು ಕೈ ಚಾಚಿ ಕಾರಿನ ಹಾಡಿನ ಪೆಟ್ಟಿಗೆ ಹಾಕಿದಳು. ಇನ್ನಷ್ಟು ಜೋರು ಮಾಡಿದಳು. ಮನೆ ಬರುವವರೆಗೂ ಅದು ಕೂಗುತ್ತಲೇ ಇತ್ತು.

ಮರುದಿನ ಡಾಕ್ಟರು ಫೋನ್ ಮಾಡಿ ಹೇಗಿದ್ದೀರಿ ಎಂದು ವಿಚಾರಿಸಿದರು. ವಿಚಾರಿಸುವುದನ್ನು ಅವರು ಎಂದೂ ತಪ್ಪಿಸಿದವರಲ್ಲ. ನನ್ನ ನಾಡಿ ಹೇಗಿತ್ತು ಎಂದು ಕೇಳಿದೆ.

"ಚೆನ್ನಾಗೇ ಇತ್ತಮ್ಮ. ನಿಮ್ಮ ಮಗಳ ಮುಖ ನೋಡಕ್ಕಾಗ್ಲಿಲ್ಲ ನನಗೆ. ಅದಕ್ಕೆ ಹಾಗಂದೆ."

"ಹಾಗಾದ್ರೆ ಮುಂದಿನ ಸಲ ಆ ಪ್ರಶ್ನೆ ವಾಪಸ್ ಕೇಳಿ."

"ಕೇಳಿದ್ರೆ ಯಾರಿಗೋ ನೋವಾಗುತ್ತೆ ಅಂತ ಗೊತ್ತಾದ್ಮೇಲೆ ಹೇಗಮ್ಮ ಕೇಳೋದು?"

"ನೋವಾಗ್ಲಿ ಅಂತಾನೇ ಅಲ್ವಾ ಆ ಹುಡುಗಿ ಕೇಳಿದ್ದು?"

ಅವರು ನಕ್ಕರು. "ನೀವು ರೆಸ್ಟ್ ತಗೊಳ್ಳಿ" ಎಂದು ಫೋನ್ ಇಟ್ಟರು. ಆಮೇಲೂ ಎರಡು ಬೇಸಿಗೆ ಟೂರು ನಡೆಯಿತು. ಹೋಗಿಬಂದವರನ್ನು ವಿಚಾರಿಸಿದೆ. ಕಾವಲಿನವರ ಹೆಂಡತಿಯರಿಗೆ ಏನೂ ಗೊತ್ತಿರಲಿಲ್ಲವಂತೆ ಪಾಪ ಎಂದು ಎಲ್ಲರೂ ಹೇಳಿದರು.

೨೦೦೮ರಲ್ಲಿ ಡಾಕ್ಟರು ತೀರಿಕೊಂಡರು. ಆಗ ನಾನು ಅದೇ ದೇಶದ ಏಪೆಕ್ಸ್ ಎನ್ನುವ ಊರಿನಲ್ಲಿ ಮಗನ ಮನೆಯಲ್ಲಿದ್ದೆ. ಮಗಳು ಅಟ್ಲಾಂಟಾದಿಂದ ಫೋನ್ ಮಾಡಿ ಅತ್ತಳು. ಅವಳ ಅಳು ನಿಜವಾದದ್ದು. ಅವರ ನೆನಪಿಗೆ ಒಂದು ಪುಸ್ತಕ ತರುತ್ತಿದ್ದಾರೆ, ನೀನೂ ಬರೆದುಕೊಡಬೇಕು ಎಂದಳು. ನಾನು ಓದಿರುವುದು ನಾಲ್ಕನೆಯ ಕ್ಲಾಸು, ನಿಧಾನವಾಗಿ ಬರೆಯುತ್ತೇನೆ. ಇಪ್ಪತ್ತು ದಿನ ಹಿಡಿಯಿತು. ಬರೆದದ್ದನ್ನು ಮಗ ಪೋಸ್ಟ್ ಮಾಡಿದ. ಅವಳು ಓದಿ ಫೋನ್ ಮಾಡಿದಳು.

"ಅಮ್ಮ, ಆ ಜೈಲಿನ ವಿಷಯ ತೆಗೆದುಬಿಡ್ಲಾ? ಮಿಕ್ಕಿದ್ದು ಹಾಕ್ತಾರೆ."

"ಅದನ್ನ ತೆಗೆದ್ರೆ ಅವರ ವಿಷಯ ಏನೂ ಉಳಿಯಲ್ಲ ಕಣೇ. ಹಾಕ್ಬೇಡಿ."

ಪುಸ್ತಕ ಬಂತು. ಟೋಪಿ ಹಾಕಿಕೊಂಡ ಡಾಕ್ಟರ ಫೋಟೋ ಮುಖಪುಟದ ಮೇಲೆಯೇ ಇದೆ. ಒಳಗೆ ನನ್ನ ಹೆಸರಿನಲ್ಲೂ ನಾಲ್ಕು ಸಾಲು ಇದೆ: ನಮ್ಮಂಥ ಹಿರಿಯರನ್ನು ತಾಯಿಯ ಹಾಗೆ ನೋಡಿಕೊಂಡರು, ಬಿಸಿಲಿನಲ್ಲಿ ನನಗೆ ತಲೆಸುತ್ತು ಬಂದಾಗ ಕೈಹಿಡಿದು ಕಾಪಾಡಿದರು, ಎಂದು. ಅದನ್ನು ಬರೆದದ್ದು ನನ್ನ ಮಗಳು. ಚೆನ್ನಾಗಿ ಬರೆದಿದ್ದಾಳೆ. ನಾನು ಬರೆದದ್ದು ಇದು.